ಬಗೆ ತಿಳಿಯದ ನಲವತ್ತೇಳು

ಆ ಒಂಬತ್ತು ದಿನ ಅಕ್ಕ, ತಮ್ಮ ಇಬ್ಬರೇ ನಡೆಸುವ ಲಾಂಡ್ರಿಯಲ್ಲಿ ಬೇರೆ ಮಾತೇ ಇರಲಿಲ್ಲ. ಮೊಂಡ ಎನ್ನುವವನೊಬ್ಬ ಸಂಗೀತದ ಯಾವುದೋ ಟ್ರ್ಯಾಕನ್ನು ಟ್ರಾನ್ಸ್ ಎಂಬ ಬಗೆಯದು ಎಂದು ಕರೆದಿದ್ದ. ದೊಡ್ಡಮ್ಮ ಎನ್ನುವವಳು, ಅದು ಟ್ರಾನ್ಸ್ ಆದರೆ ನನ್ನ ಬಸ್ಸು ವಿಮಾನ ಎಂದು ಉತ್ತರ ಕೊಟ್ಟಿದ್ದಳು. ಅಲ್ಲಿಂದ ಹತ್ತಿಕೊಂಡದ್ದು ಹಳೆಯ ಜಗಳಗಳನ್ನೆಲ್ಲ ಕೆದಕಿಕೊಂಡು ಒಂಬತ್ತನೆಯ ದಿನದವರೆಗೆ ಬಂದಿತ್ತು.

ಆ ಇಬ್ಬರನ್ನೂ ಅಕ್ಕನಾಗಲಿ ತಮ್ಮನಾಗಲಿ ಕಣ್ಣಾರೆ ಕಂಡಿರಲಿಲ್ಲ. ಅವು ಅವರ ನಿಜವಾದ ಹೆಸರುಗಳೂ ಅಲ್ಲ. ಇಂಟರ್ನೆಟ್ಟಿನಲ್ಲಿ ‘ಸದ್ದಿನ ಜಗಲಿ’ ಎಂಬ ತಾಣವಿತ್ತು. ಡೋಲೂ ಇಲ್ಲದೆ ಪಿಟೀಲೂ ಇಲ್ಲದೆ ಎಲ್ಲವನ್ನೂ ಕಂಪ್ಯೂಟರಿನ ಹೊಟ್ಟೆಯಿಂದ ಹೊರಡಿಸುವ ಎಲೆಕ್ಟ್ರಾನಿಕ್ ಸಂಗೀತದ ಹುಚ್ಚು ಹತ್ತಿದವರು ಅಲ್ಲಿ ಸೇರುತ್ತಿದ್ದರು. ಸೇರಿ ಸಂಗೀತ ಕೇಳುತ್ತಿದ್ದರು ಎಂದುಕೊಂಡರೆ ಅದು ನಮ್ಮ ಒಳ್ಳೆಯತನ. ಕೇಳುವುದು ಐದು ನಿಮಿಷ, ಇದು ಯಾವ ಬಗೆಯ ಸಂಗೀತ, ಇದಕ್ಕೆ ಏನೆಂದು ಹೆಸರು ಎಂದು ಕಚ್ಚಾಡುವುದು ಐದು ದಿನ. ಮೊಂಡ ತನ್ನ ಮಾತಿನ ಪ್ರಕಾರ ಹಲ್ಲಿನ ಡಾಕ್ಟರು. ದೊಡ್ಡಮ್ಮ ಸಿಟಿ ಬಸ್ಸು ಓಡಿಸುವವಳು. ಮೊಸರಿನಲ್ಲಿ ಕಲ್ಲು ಹುಡುಕುವುದರಲ್ಲಿ ಇಬ್ಬರೂ ಸರಿಸಮ.

“ಇವತ್ತೇನಂತೆ?” ಅಕ್ಕ ಸ್ಟೀಮ್ ಪ್ರೆಸ್ಸಿನ ಮೇಲೆ ಅಂಗಿಯ ಕಾಲರ್ ಹರವುತ್ತಾ ಕೇಳುತ್ತಿದ್ದಳು.

“ಮೊಂಡ ಅಂತಾನೆ, ಕಣ್ಣು ಮುಚ್ಚಿ ಕೇಳಿದ್ರೆ ಮೈ ಜುಂ ಅನ್ನುತ್ತಲ್ಲ, ಅದಕ್ಕೇ ಟ್ರಾನ್ಸ್ ಅಂತೆ. ದೊಡ್ಡಮ್ಮ ಅಂತಾಳೆ, ಬಸ್ಸು ಓಡಿಸೋವಾಗ ಕಣ್ಣು ಮುಚ್ಚೋಕಾಗಲ್ಲ, ಹಂಗಂತ ನನಗೆ ಟ್ರಾನ್ಸ್ ಕೇಳೋ ಯೋಗ್ಯತೆ ಇಲ್ವಾ?” ತಮ್ಮ ಒಂದು ಕೋಟಿನ ತೋಳಿನಿಂದ ಶಾಯಿಯ ಕಲೆ ಬಿಡಿಸುತ್ತಾ ಫೋನು ನೋಡಿ ಓದುತ್ತಿದ್ದ.

ಅಕ್ಕ ಪೆಡಲ್ ಒತ್ತುತ್ತಿದ್ದಳು, ಪ್ರೆಸ್ಸಿನ ಮುಚ್ಚಳ ಕೆಳಗೆ ಬಂದು ಹಬೆ ಬಿಡುತ್ತಿತ್ತು, ಅವಳು ಹಬೆಯ ನಡುವೆ ನಗುತ್ತಿದ್ದಳು. ಹನ್ನೊಂದು ವರ್ಷ ಹೀಗೆ ಕೇಳಿ ಕೇಳಿ ಅವಳಿಗೂ ಅಷ್ಟಿಷ್ಟು ಗೊತ್ತಾಗಿತ್ತು. ಹೌಸ್ ಎಂದರೆ ನಗುಮುಖದ್ದು. ಟೆಕ್ನೋ ಎಂದರೆ ಮುಖ ಬಿಗಿದುಕೊಂಡದ್ದು. ಟ್ರಾನ್ಸ್ ಎಂದರೆ ಅಳು ತಡೆದುಕೊಂಡು ಆಕಾಶ ನೋಡುವಂಥದ್ದು. ಪಾಸಾಗೋಕೆ ಇಷ್ಟು ಸಾಕು ಎಂದು ತಮ್ಮ ಮಾರ್ಕು ಕೊಟ್ಟಿದ್ದ.

ಅವನಿಗೆ ನಲವತ್ತೊಂದು, ಅವಳಿಗೆ ನಲವತ್ತೊಂಬತ್ತು. ಅಮ್ಮ ತೀರಿಕೊಂಡಾಗ ಅವನು ಒಂಬತ್ತರ ಹುಡುಗ. ಅಂದಿನಿಂದ ಅವನಿಗೆ ಅಕ್ಕನೇ ಎಲ್ಲ. ಅಂಗಡಿಗೆ ಬಂದವರ ಹತ್ತಿರ ಅವನು ಆಡುತ್ತಿದ್ದದ್ದು ಮೂರೇ ಮಾತು: ಏನು ಚೆಲ್ಲಿದ್ದು, ಯಾವಾಗ ಬೇಕು, ನಾಳೆ ಬನ್ನಿ. ಅದೇ ಮನುಷ್ಯನಿಗೆ ಜಗಲಿಯಲ್ಲಿ ‘ತಕ್ಕಡಿ’ ಎಂದು ಹೆಸರು. ಯಾವುದಾದರೂ ಜಗಳ ಬಗೆಹರಿಯದೆ ಕಗ್ಗಂಟಾದಾಗ ಎಲ್ಲರೂ ತಕ್ಕಡಿಯನ್ನು ಕರೆಯುತ್ತಿದ್ದರು. ಅವನು ಟ್ರ್ಯಾಕನ್ನು ಮೂರು ಸಲ ಕೇಳಿ, ಇದರ ವೇಗ ಇಷ್ಟು, ಬಡಿತ ಹೀಗೆ, ಆದ್ದರಿಂದ ಇದು ಇಂಥದ್ದು ಎಂದು ತೀರ್ಪು ಬರೆದರೆ ಮೊಂಡ ಕೂಡ ಎರಡು ದಿನ ಬಾಯಿ ಮುಚ್ಚಿಕೊಂಡಿರುತ್ತಿದ್ದ. ಈ ಒಂಬತ್ತು ದಿನದ ಜಗಳವನ್ನೂ ಅವನೇ ಮುಗಿಸಿದ. ಟ್ರಾನ್ಸ್ ಅಲ್ಲ, ಟೆಕ್ನೋ. ಅಕ್ಕ ಆ ಸಂತೋಷಕ್ಕೆ ಒಂದು ಟೀ ಹೆಚ್ಚಿಗೆ ಮಾಡಿದಳು.

ಊರಿನ ಸಂಗೀತಕ್ಕೆಲ್ಲ ಹೆಸರಿಡುವ ಈ ಪುಣ್ಯಾತ್ಮ ತನ್ನದಕ್ಕೆ ಮಾತ್ರ ಹೆಸರಿಟ್ಟಿರಲಿಲ್ಲ. ಅಂಗಡಿಯ ಮೇಲೆ ಹಲಗೆ ಹಾಸಿದ ಅಟ್ಟವಿತ್ತು. ಕಲೆ ತೆಗೆಯುವ ಕೆಲಸ ಬೆಳಿಗ್ಗೆ ಹತ್ತು ಗಂಟೆಗೆಲ್ಲ ಮುಗಿಯುತ್ತಿತ್ತು, ಆಮೇಲೆ ಅವನು ಅಲ್ಲಿ ಕಂಪ್ಯೂಟರಿನ ಮುಂದೆ ಕೂತು ತಾನೂ ಟ್ರ್ಯಾಕು ಕಟ್ಟುತ್ತಿದ್ದ. ಹನ್ನೊಂದು ವರ್ಷದಲ್ಲಿ ನಲವತ್ತೇಳು. ಒಂದನ್ನೂ ಜಗಲಿಗೆ ಹಾಕಿರಲಿಲ್ಲ. ಹಾಕಬೇಕಾದರೆ ‘ಯಾವ ಬಗೆ?’ ಎಂಬ ಖಾನೆ ತುಂಬಬೇಕು, ಅದು ಅಲ್ಲಿಯ ಕಟ್ಟಳೆ. ಖಾಲಿ ಬಿಟ್ಟರೆ ಕಂಪ್ಯೂಟರು ಒಪ್ಪುವುದಿಲ್ಲ, ತಪ್ಪು ತುಂಬಿದರೆ ಜನ ಒಪ್ಪುವುದಿಲ್ಲ.

“ನಂದು ಯಾವುದಕ್ಕೂ ಸೇರಲ್ಲ ಅಕ್ಕಾ. ಹೌಸ್ ಅನ್ನೋಣ ಅಂದ್ರೆ ನಿಮಿಷಕ್ಕೆ ನೂರಿಪ್ಪತ್ತು ಬಡಿತನಾದ್ರೂ ಬೇಕು. ನಂದು ನೂರಾ ಹನ್ನೆರಡು. ನಿಧಾನದ್ದು ಅನ್ನೋಣ ಅಂದ್ರೆ ಅಷ್ಟು ನಿಧಾನನೂ ಅಲ್ಲ.”

“ನೂರಿಪ್ಪತ್ತು ಮಾಡ್ಬಿಡು ಹಂಗಾದ್ರೆ. ಎಂಟು ತಾನೇ ಕಮ್ಮಿ?”

“ಬರಲ್ಲ ಅಕ್ಕಾ. ಪ್ರಯತ್ನ ಮಾಡಿದ್ದೀನಿ. ಬರಲ್ಲ.”

“ಹಾಡು ಚೆನ್ನಾಗಿದ್ರೆ ಹೆಸರು ಕಟ್ಕೊಂಡು ಏನು ಮಾಡ್ತಾರೋ?”

“ಹಾಡಲ್ಲ, ಟ್ರ್ಯಾಕು. ಹಾಡು ಅಂದ್ರೆ ಯಾರಾದ್ರೂ ಹಾಡಬೇಕು.” ಹೀಗೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಅಂಥದ್ದರಲ್ಲಿ ಒಂದು ಸೋಮವಾರ ಜಗಲಿಯ ಯಜಮಾನ ಒಂದು ಪತ್ರ ಹಾಕಿದ. ಆತ ವಯಸ್ಸಾದ ಎಲೆಕ್ಟ್ರಿಶಿಯನ್. ಕಣ್ಣು ಮಂದವಾಗಿದೆ, ತಾಣವನ್ನು ನೋಡಿಕೊಳ್ಳಲು ಆಗುತ್ತಿಲ್ಲ, ಮುಂದಿನ ವಾರದ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಜಗಲಿಯನ್ನು ಮುಚ್ಚುತ್ತೇನೆ, ಯಾರಿಗೆ ಏನು ಬೇಕೋ ಅಷ್ಟರೊಳಗೆ ಇಳಿಸಿಕೊಳ್ಳಿ, ಜಗಳಗಳನ್ನು ಮಾತ್ರ ಇಲ್ಲೇ ಬಿಟ್ಟು ಹೋಗಿ ಎಂದು ಬರೆದಿದ್ದ.

ತಮ್ಮ ಅದನ್ನು ಓದಿ ಹೇಳಿದ. ಕೈಯಲ್ಲಿದ್ದ ಬ್ರಷ್ಷು ಒಂದೇ ಜಾಗವನ್ನು ಉಜ್ಜುತ್ತಲೇ ಇತ್ತು. ಅಕ್ಕ ಅದನ್ನೇ ನೋಡಿದಳು. ಇವನಿಗೆ ಗೆಳೆಯರೆಂದರೆ ಅವರೇ. ಮುಖ ನೋಡದ ಗೆಳೆಯರಾದರೂ ಹನ್ನೊಂದು ವರ್ಷದವರು. ಅವರೂ ಹೋದರೆ ಉಳಿಯುವುದು ಅಟ್ಟ, ಅಂಗಡಿ, ಅಕ್ಕ. ಅದಕ್ಕಿಂತ ಹೆಚ್ಚಾಗಿ, ಇವನದನ್ನು ಕೇಳಿ ತಿಳಿಯಬಲ್ಲ ಕಿವಿಗಳು ಲೋಕದಲ್ಲಿ ಇದ್ದದ್ದೇ ಅಲ್ಲಿ. ಆ ಶನಿವಾರ ದಾಟಿತೋ, ನಲವತ್ತೇಳೂ ಪೆಟ್ಟಿಗೆಯಲ್ಲೇ ಮುದಿಯಾಗುತ್ತವೆ.

“ಒಂದನ್ನಾದ್ರೂ ಹಾಕೋ,” ಎಂದಳು.

“ಹೆಸರು ಸಿಗ್ಲಿ, ಹಾಕ್ತೀನಿ.”

“ಹನ್ನೊಂದು ವರ್ಷದಿಂದ ಸಿಗದೆ ಇದ್ದದ್ದು ಹನ್ನೆರಡು ದಿನದಲ್ಲಿ ಸಿಗುತ್ತಾ?”

ಅವನು ಮುಂದಿನ ಬಟ್ಟೆ ಎತ್ತಿಕೊಂಡ.

ಎಂಟು ದಿನ ಕಳೆಯಿತು. ಮಂಗಳವಾರ ತಮ್ಮ ಹೋಟೆಲಿನ ಹಾಸಿಗೆ ಬಟ್ಟೆ ತಲುಪಿಸಲು ವ್ಯಾನು ತೆಗೆದುಕೊಂಡು ಹೋದ. ಅಕ್ಕ ಪೊರಕೆ ಹಿಡಿದು ಅಟ್ಟ ಹತ್ತಿದಳು. ಗುಡಿಸಲಿಕ್ಕೇ ಹತ್ತಿದಳು, ಅದರಲ್ಲಿ ಮೋಸವೇನಿಲ್ಲ. ಆದರೆ ಕಂಪ್ಯೂಟರು ತೆರೆದೇ ಇತ್ತು, ಒಂದರಿಂದ ನಲವತ್ತೇಳರವರೆಗೆ ಬರೀ ಅಂಕಿಗಳು ಸಾಲಾಗಿ ನಿಂತಿದ್ದವು, ಮೇಜಿನ ಮೇಲೆ ಹೆಡ್‌ಫೋನು ಬಿದ್ದಿತ್ತು. ಅವಳು ಅದನ್ನು ತಲೆಗೆ ಸಿಕ್ಕಿಸಿಕೊಂಡು ಮೂವತ್ತೊಂದನೆಯದನ್ನು ಒತ್ತಿದಳು. ಮೂವತ್ತೊಂದೇ ಏಕೆ ಎಂದರೆ ಅವಳ ಬೆರಳು ಅಲ್ಲಿಗೆ ಹೋಯಿತು, ಅಷ್ಟೇ.

ಇಷ್ಟು ವರ್ಷ ಅವಳು ತಮ್ಮನ ಸಂಗೀತವನ್ನು ಕೇಳಿದ್ದು ಕೆಳಗಿನಿಂದ, ಹಲಗೆಯ ಮೂಲಕ. ಹಲಗೆ ದಾಟಿ ಬರುತ್ತಿದ್ದದ್ದು ದಬ್ ದಬ್ ಎನ್ನುವ ಸದ್ದೊಂದೇ. ಇವನು ಕಟ್ಟುವುದೆಲ್ಲ ಹೀಗೇ, ಯಾರೋ ಮಹಡಿಯಲ್ಲಿ ಹಿಟ್ಟು ನಾದುತ್ತಿರುವ ಹಾಗೆ ಎಂದೇ ಅವಳು ತಿಳಿದಿದ್ದಳು. ಈಗ ಆ ದಬ್ ದಬ್ಬಿನ ಮೇಲೆ ಒಂದು ಎಳೆ ಎದ್ದಿತು. ತೆಳ್ಳಗಿನ, ಹಿಂಜರಿಯುವ ರಾಗ. ಎರಡು ಸ್ವರ ಮುಂದೆ ಬಂದು ನಿಲ್ಲುವುದು, ಯಾರಾದರೂ ಬೈಯುತ್ತಾರೋ ಎಂದು ನೋಡುವುದು, ಬೈಯಲಿಲ್ಲ ಎಂದು ಗೊತ್ತಾದ ಮೇಲೆ ಮೂರನೆಯದಕ್ಕೆ ಕಾಲಿಡುವುದು. ಶಾಲೆಯ ಬಾಗಿಲಲ್ಲಿ ನಿಂತು ಒಳಗೆ ಹೋಗದೆ ಇವಳ ಮುಖವನ್ನೇ ನೋಡುತ್ತಿದ್ದ ಒಂಬತ್ತು ವರ್ಷದ ತಮ್ಮನನ್ನು ಅಕ್ಕ ಅಲ್ಲಿ ಕಂಡಳು. ಕೊನೆಗೆ ಆ ರಾಗ ಹೆದರಿಕೆ ಬಿಟ್ಟು ಎದ್ದು ಓಡಾಡತೊಡಗಿದಾಗ ಅವಳಿಗೆ ಅಳು ತಡೆಯಲಾಗಲಿಲ್ಲ. ಇಷ್ಟೆಲ್ಲ ಒಳಗಿಟ್ಟುಕೊಂಡು ಇವನು ಶಾಯಿಯ ಕಲೆ ಉಜ್ಜುತ್ತಿದ್ದನೇ ಎಂದು ಹೆಮ್ಮೆಯೂ ಸಿಟ್ಟೂ ಒಟ್ಟಿಗೆ ಬಂದವು.

ಜಗಲಿಯ ಪುಟವೂ ತೆರೆದಿತ್ತು. ಫೋಟೋ ಕಳಿಸುವಷ್ಟು ಅವಳಿಗೂ ಬರುತ್ತಿತ್ತು, ಇದೂ ಹಾಗೆಯೇ ಇತ್ತು. ಮೂವತ್ತೊಂದನ್ನು ಎಳೆದು ಹಾಕಿದಳು. ‘ಯಾವ ಬಗೆ?’ ಎಂದು ಖಾನೆ ಕೇಳಿತು.

ಲಾಂಡ್ರಿಗೆ ಒಮ್ಮೊಮ್ಮೆ ಒಳಗಿನ ಲೇಬಲ್ಲು ಹರಿದುಹೋದ ಬಟ್ಟೆ ಬರುತ್ತದೆ. ರೇಷ್ಮೆಯೋ, ಉಣ್ಣೆಯೋ, ಎರಡೂ ಬೆರೆತದ್ದೋ, ಮುಟ್ಟಿದರೂ ಗೊತ್ತಾಗುವುದಿಲ್ಲ. ಅಂಥದ್ದನ್ನು ಯಂತ್ರಕ್ಕೆ ಹಾಕುವ ಹಾಗಿಲ್ಲ. ಅದಕ್ಕೆ ಅಕ್ಕ ಒಂದೇ ಚೀಟಿ ಬರೆದು ಪಿನ್ನು ಚುಚ್ಚುತ್ತಾಳೆ. ಬರೆದೂ ಬರೆದೂ ಕೈಗೆ ರೂಢಿಯಾದ ಆ ಮಾತನ್ನೇ ಅವಳ ಬೆರಳು ಈಗಲೂ ಬರೆಯಿತು: ‘ಬಗೆ ತಿಳಿಯದು. ಕೈಯಲ್ಲೇ ಒಗೆಯಿರಿ.’ ಬರೆದು ಬಟನ್ ಒತ್ತಿದಳು. ಒತ್ತಿದ ಮೇಲೆ ಪೊರಕೆ ಅಲ್ಲೇ ಬಿಟ್ಟು ಕೆಳಗಿಳಿದಳು.

ಜಗಲಿ ತಲೆಕೆಳಗಾಯಿತು. ತಕ್ಕಡಿ ಮೊದಲ ಸಲ ತನ್ನದೊಂದನ್ನು ಹಾಕಿದ್ದಾನೆ, ಅದೂ ಇಂಥ ಹೆಸರಿನಲ್ಲಿ! ತಕ್ಕಡಿಗೆ ತಲೆ ಕೆಟ್ಟಿದೆ ಎಂದರು ಕೆಲವರು. ಇದು ಹೊಸ ಬಗೆ, ನಮಗಿನ್ನೂ ತಲುಪಿಲ್ಲ ಅಷ್ಟೇ ಎಂದರು ಕೆಲವರು. ಮೊಂಡನಂತೂ ಒಂದು ಗಂಟೆಯೊಳಗೆ ಪ್ರಬಂಧವನ್ನೇ ಬರೆದ: ಕೈಯಲ್ಲೇ ಒಗೆಯಿರಿ ಎಂದರೆ ಕಂಪ್ಯೂಟರಿಗೆ ತಾಳ ಒಪ್ಪಿಸದೆ ಪ್ರತಿ ಬಡಿತವನ್ನೂ ಕೈಯಲ್ಲೇ ಬಾರಿಸಿದ್ದು ಎಂದು ಅರ್ಥ, ಇದರಲ್ಲಿ ಮೂರು ಉಪಬಗೆಗಳಿವೆ, ಇದು ಎರಡನೆಯದು. ಆ ಮೂರು ಯಾವುವು ಎಂದು ದೊಡ್ಡಮ್ಮ ಕೇಳಿದಳು. ಆಮೇಲೆ ಅವಳೇ ಇನ್ನೊಂದು ಸಾಲು ಸೇರಿಸಿದಳು: ‘ಡಿಪೋದಲ್ಲಿ ಬಸ್ಸು ನಿಲ್ಲಿಸಿ ನಾಲ್ಕು ಸಲ ಕೇಳಿದೆ. ಮನೆಗೆ ಹೋಗೋಕೆ ಮನಸ್ಸು ಬರ್ಲಿಲ್ಲ.’

ತಮ್ಮ ಇದನ್ನೆಲ್ಲ ನೋಡಿದ್ದು ಹೋಟೆಲಿನ ಹಿಂಬಾಗಿಲಲ್ಲಿ ನಿಂತು, ಫೋನಿನಲ್ಲಿ. ಅಂಗಡಿಗೆ ಬಂದವನ ಮುಖ ಸುಣ್ಣದ ಗೋಡೆಯಾಗಿತ್ತು.

“ನೀನೇನಾ?”

“ಹೂಂ ಕಣೋ. ಯಾರಾದ್ರೂ ಕೇಳ್ಲಿ ಅಂತ...”

“ನನ್ನನ್ನ ಒಂದು ಮಾತು ಕೇಳಿದ್ಯಾ?” ಅವನ ದನಿ ಏರಿದ್ದನ್ನು ಅಕ್ಕ ಎಂದೂ ಕೇಳಿರಲಿಲ್ಲ. “ನಿನಗೆ ಮೊದಲಿಂದ್ಲೂ ಇದೇ ಚಟ. ನನ್ನ ಬಗ್ಗೆ ಬೇರೆಯವರಿಗೆ ನೀನೇ ಹೇಳಿಬಿಡೋದು. ಔಷಧಿ ಅಂಗಡಿಯವಳ ತಾಯಿ ಬಂದು ನಿನ್ನ ತಮ್ಮ ಹೇಗೆ ಅಂತ ಕೇಳಿದಾಗ ಏನಂದೆ? ಅವನು ಸ್ವಲ್ಪ ಒಂಥರಾ ಅಂದೆ. ನಾನು ಅಟ್ಟದಲ್ಲೇ ಇದ್ದೆ ಅಕ್ಕಾ. ಎಲ್ಲಾ ಕೇಳಿಸ್ತು.”

ಹದಿನೆಂಟು ವರ್ಷದ ಹಿಂದಿನ ಮಾತು. ಎದುರುಗಡೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಹುಡುಗಿ ದಿನಕ್ಕೊಂದು ನೆಪ ಮಾಡಿಕೊಂಡು ಲಾಂಡ್ರಿಗೆ ಬರುತ್ತಿದ್ದಳು. ಒಂದು ದಿನ ಅವಳ ತಾಯಿ ಬಂದು ವಿಚಾರಿಸಿಕೊಂಡು ಹೋದಳು. ಆಮೇಲೆ ಆ ಹುಡುಗಿ ಬರಲಿಲ್ಲ. ತಾನು ಆಡಿದ ಮಾತನ್ನು ನೆನೆದು ಅಕ್ಕ ಎಷ್ಟೋ ಸಲ ನಾಲಿಗೆ ಕಚ್ಚಿಕೊಂಡಿದ್ದಳು. ಅವನಿಗೆ ಕೇಳಿಸಿತ್ತು ಎಂದು ಮಾತ್ರ ಗೊತ್ತಿರಲಿಲ್ಲ.

“ತಪ್ಪಾಯ್ತು ಕಣೋ,” ಎಂದಳು. ಬಟ್ಟೆಯ ಮೂಟೆಯ ಮೇಲೆ ಕೂತಳು. “ನಿನ್ನನ್ನ ಹೇಗೆ ಅಂತ ಹೇಳ್ಲಿ? ಒಳ್ಳೆಯವನು ಅಂದ್ರೆ ಎಲ್ಲರೂ ಒಳ್ಳೆಯವರೇ. ಸಾಧು ಅಂದ್ರೆ ಪೆದ್ದ ಅಂದ್ಕೊಳ್ತಾರೆ. ಎಲ್ಲರ ಥರ ಅಲ್ಲ, ಎಲ್ಲರಿಗಿಂತ ಮೇಲು ಅಂತ ಹೇಳೋಕೆ ಹೋದೆ, ಬಾಯಿಂದ ಬಂದಿದ್ದು ಅದು. ಹದಿನೆಂಟು ವರ್ಷದಿಂದ ಕೊರಗ್ತಿದ್ದೀನಿ. ನಿನ್ನ ಬಾಳು ನಾನು ಹಾಳು ಮಾಡಿದೆ.”

“ಹಾಳೇನೂ ಆಗಿಲ್ಲ,” ಎಂದು ಗೋಡೆಯ ಕಡೆ ನೋಡಿ ಹೇಳಿದ. ಆಮೇಲೆ, “ಶನಿವಾರ ಹನ್ನೆರಡರೊಳಗೆ ಅದನ್ನ ತೆಗೆದುಹಾಕ್ತೀನಿ. ತಮಾಷೆ ಅಂತ ನೆನಪಿಟ್ಕೊಳ್ಳೋದು ಬೇಡ. ಇನ್ಮೇಲೆ ನನ್ನ ಬಗ್ಗೆ ಯಾರ ಹತ್ರಾನೂ ಏನೂ ಹೇಳ್ಬೇಡ,” ಎಂದ.

“ಇಲ್ಲಪ್ಪ. ಆಣೆಗೂ ಇಲ್ಲ.”

ಬುಧವಾರ, ಗುರುವಾರ ಅವನು ಫೋನು ನೋಡಿ ಓದಲಿಲ್ಲ. ಅಂಗಡಿ ಬಣಗುಟ್ಟಿತು. ಅಕ್ಕನೇ ಕಳ್ಳಿಯ ಹಾಗೆ ತನ್ನ ಫೋನಿನಲ್ಲಿ ಜಗಲಿಯನ್ನು ಇಣುಕಿದಳು. ಜಗಳ ಈಗ ಬೇರೆ ಕಡೆ ತಿರುಗಿತ್ತು. ಮೂವತ್ತೊಂದನೆಯ ಟ್ರ್ಯಾಕಿನಲ್ಲಿ ಪ್ರತಿ ಹದಿನಾರು ಬಡಿತಕ್ಕೊಮ್ಮೆ, ಎಲ್ಲದರ ಹಿಂದೆ, ‘ಸುಸ್ಸ್’ ಎಂದು ಸಣ್ಣಗೆ ಏನೋ ಕೇಳಿಸುತ್ತದೆ. ಅದು ಯಾವ ಯಂತ್ರದ್ದು ಎನ್ನುವುದು ಗೊತ್ತಾದರೆ ಬಗೆಯೂ ಗೊತ್ತಾಗುತ್ತದೆ ಎಂದು ಎಲ್ಲರೂ ಅದರ ಬೆನ್ನು ಹತ್ತಿದ್ದರು. ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಹಳೇ ಕಾಲದ ಯಂತ್ರ, ಸಿಂತಸೈಜರು ಎಂದ ಮೊಂಡ, ಅದರ ಸರ್ಕ್ಯೂಟಿನ ಚಿತ್ರವನ್ನೂ ಅಂಟಿಸಿದ. ನನ್ನ ಬಸ್ಸಿನ ಬಾಗಿಲು ಥೇಟ್ ಹೀಗೇ ಉಸಿರು ಬಿಡುತ್ತೆ ಎಂದಳು ದೊಡ್ಡಮ್ಮ. ತಕ್ಕಡೀ ನೀನೇ ಹೇಳು ಎಂದು ಮೂವತ್ತು ಜನ ಕೇಳಿದ್ದರು. ತಕ್ಕಡಿ ಬಾಯಿ ಬಿಟ್ಟಿರಲಿಲ್ಲ.

ಅಕ್ಕ ಫೋನನ್ನು ಕಿವಿಗೆ ಹಿಡಿದು ಟ್ರ್ಯಾಕನ್ನು ಹಚ್ಚಿದಳು. ಕಾಲು ರೂಢಿಯಂತೆ ಪೆಡಲಿನ ಮೇಲೆ ಬಿತ್ತು. ಮುಚ್ಚಳ ಇಳಿದು ಹಬೆ ಬಿಟ್ಟಿತು, ಸುಸ್ಸ್. ಕಿವಿಯಲ್ಲೂ ಸುಸ್ಸ್. ಮುಚ್ಚಳ ಎದ್ದಿತು, ಅವಳು ಕಾಲರ್ ತಿರುವಿ ಹಾಕಿದಳು, ಮತ್ತೆ ಪೆಡಲ್. ಮತ್ತೆ ಎರಡೂ ಒಟ್ಟಿಗೆ. ಅವಳು ಬಾಯಲ್ಲೇ ಬಡಿತ ಎಣಿಸಿದಳು. ಹದಿನಾರು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ.

ಅವಳಿಗೆ ಒಂದೊಂದಾಗಿ ಅರ್ಥವಾಯಿತು. ತನ್ನ ಪೆಡಲಿನ ಲೆಕ್ಕಕ್ಕೇ ಕಟ್ಟುವವನಿಗೆ ನೂರಿಪ್ಪತ್ತು ಏಕೆ ಬರುವುದಿಲ್ಲ ಎನ್ನುವುದು. ತಾನು ಕಾಲು ಉಳುಕಿ ಹದಿನೈದು ದಿನ ಮಲಗಿದ್ದಾಗ ಅಟ್ಟದಿಂದ ಒಂದು ಸದ್ದೂ ಬರದಿದ್ದದ್ದು ಏಕೆ ಎನ್ನುವುದು. ಅವನು ಕಾಯಿಲೆಯವಳ ನಿದ್ದೆ ಕೆಡಬಾರದೆಂದು ಸುಮ್ಮನಿದ್ದಾನೆ ಎಂದು ಅವಳು ತಿಳಿದಿದ್ದಳು.

ಉತ್ತರ ಅವಳ ಬೆರಳ ತುದಿಯಲ್ಲೇ ಇತ್ತು. ಹೊಸ ಹೆಸರಿನಲ್ಲಿ ಜಗಲಿಗೆ ಸೇರಿ, ಅಯ್ಯೋ ಮಹಾನುಭಾವರೇ, ಅದು ಸಿಂತಸೈಜರೂ ಅಲ್ಲ ಬಸ್ಸೂ ಅಲ್ಲ, ನಾನು ಎಂದು ಬರೆಯುವುದಕ್ಕೆ ಎರಡು ನಿಮಿಷ ಸಾಕಿತ್ತು. ಕೈ ತುರಿಸಿತು. ಅವಳು ಫೋನನ್ನು ಚೀಟಿಯ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದಳು. ಹೇಳುವುದಿದ್ದರೆ ಅವನು ಹೇಳಲಿ. ಹೇಳದಿದ್ದರೆ ಬೇಡ. ಈ ಮಾತನ್ನು ತನಗೆ ತಾನೇ ಹೇಳಿಕೊಳ್ಳುವುದು ಅವಳಿಗೆ ಬಹಳ ಕಷ್ಟವಾಯಿತು.

ಶನಿವಾರ ಹನ್ನೊಂದು ಗಂಟೆಗೆ ತಮ್ಮ ಕೈ ತೊಳೆದುಕೊಂಡ. “ತೆಗೆದು ಬರ್ತೀನಿ,” ಎಂದು ಅಟ್ಟ ಹತ್ತಿದ.

ಶನಿವಾರದ ಜನ. ಪ್ರೆಸ್ಸು ಒತ್ತುವುದರ ನಡುವೆ ಒಬ್ಬರಿಗೆ ಕೋಟು ಕೊಟ್ಟಳು, ಇನ್ನೊಬ್ಬರಿಗೆ ಪರದೆ ಕೊಡಬೇಕಾದಲ್ಲಿ ಯಾರದೋ ಪ್ಯಾಂಟು ಕೊಟ್ಟು ಬೈಸಿಕೊಂಡಳು. ಹನ್ನೊಂದೂವರೆ. ಮೇಲಿನಿಂದ ಕುರ್ಚಿ ಸರಿದ ಸದ್ದೂ ಇಲ್ಲ. ತೆಗೆಯುವುದಕ್ಕೆ ಇಷ್ಟು ಹೊತ್ತೇ? ಕೂತು ಅಳುತ್ತಿದ್ದಾನೋ ಏನೋ. ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಅವಳಿಗೆ ತಡೆಯಲಾಗಲಿಲ್ಲ. ಪೆಡಲಿನಿಂದ ಕಾಲು ತೆಗೆದು, ಏಣಿಯ ಬುಡಕ್ಕೆ ಹೋಗಿ, ಕತ್ತೆತ್ತಿ ನಿಂತಳು.

ಮೇಲಿನಿಂದ ಕೂಗು ಬಂತು. “ಅಕ್ಕಾ, ಯಾಕೆ ನಿಲ್ಲಿಸ್ದೆ? ನಿಲ್ಲಿಸ್ಬೇಡ, ಒತ್ತು!”

ಅಕ್ಕ ಓಡಿಹೋಗಿ ಒತ್ತಿದಳು. ಪ್ರೆಸ್ಸಿನ ಮೇಲೆ ಏನೂ ಇರಲಿಲ್ಲ, ಬರೀ ಮುಚ್ಚಳ ಬಿದ್ದು ಹಬೆ ಬಿಟ್ಟಿತು. ಕಟ್ಟೆಯ ಆಚೆ ಕಾಯುತ್ತಿದ್ದವರು ಇವಳನ್ನು ವಿಚಿತ್ರವಾಗಿ ನೋಡಿದರು. ನೋಡಿಕೊಳ್ಳಲಿ.

ಹನ್ನೆರಡು ದಾಟಿ ಐದು ನಿಮಿಷಕ್ಕೆ ತಮ್ಮ ಕೆಳಗಿಳಿದ. ಯಾರದೋ ಅಂಗಿಯನ್ನು ಎತ್ತಿಕೊಂಡು ಅದರಲ್ಲಿ ಕಲೆಯೇ ಇಲ್ಲದ ಜಾಗವನ್ನು ನೋಡತೊಡಗಿದ.

“ಮುಚ್ಚಿತಾ?” ಅಕ್ಕ ಕೇಳಿದಳು.

“ಮುಚ್ಚಿತು.”

“ತೆಗೆದ್ಯಾ?”

“ಇಲ್ಲ. ಉಳಿದ ನಲವತ್ತಾರನ್ನೂ ಹಾಕ್ದೆ.”

ಅಕ್ಕನ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು. “ಖಾನೆಯಲ್ಲಿ ಏನು ತುಂಬಿದೆ? ನಾನು ಬರೆದಿದ್ದೇನಾ?”

“ಅದು ತಪ್ಪು. ತಿದ್ದಿದೆ. ಬಗೆ ತಿಳಿಯದು ಅನ್ನೋದು ಸುಳ್ಳು, ನನಗೆ ಮೊದಲಿಂದ ಗೊತ್ತಿತ್ತು. ಬರೆಯೋಕೆ ನಾಚಿಕೆ ಆಗ್ತಿತ್ತು, ಅಷ್ಟೇ.” ಅಂಗಿಯನ್ನು ಮಡಚಿದ, ಬಿಚ್ಚಿದ. “ನಲವತ್ತೇಳಕ್ಕೂ ‘ಅಕ್ಕ’ ಅಂತ ಬರೆದೆ.”

ಅಕ್ಕ ಅವನನ್ನೇ ನೋಡಿದಳು.

“ಮೊಂಡ ಬಿಡ್ತಾನಾ? ಅಕ್ಕ ಅನ್ನೋದೂ ಒಂದು ಬಗೆಯಾ, ಲಕ್ಷಣ ಹೇಳು ಅಂದ. ಹೇಳಿದೆ. ವೇಗ ನೂರಾ ಹನ್ನೆರಡು. ಹದಿನಾರು ಬಡಿತಕ್ಕೊಂದು ಉಸಿರು. ಅದು ಯಂತ್ರದಿಂದ ಬರಲ್ಲ, ನಮ್ಮಕ್ಕನಿಂದ ಬರುತ್ತೆ. ನನ್ನನ್ನ ಒಂಬತ್ತನೇ ವಯಸ್ಸಿಂದ ಸಾಕಿದೋಳು, ಕೆಳಗಡೆ ಅಂಗಿ ಒತ್ತುತ್ತಾಳೆ. ಅವಳು ನಿಲ್ಲಿಸಿದ್ರೆ ನನಗೆ ಮುಂದಿನ ಸ್ವರ ಹೊಳೆಯಲ್ಲ ಅಂತ.”

“ಅದಕ್ಕೆ ಏನಂದ?” ಅಕ್ಕ ಕೇಳಿದಳು.

“ಸರಿ ಅಂದ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ದೊಡ್ಡಮ್ಮ ನಲವತ್ತೇಳನ್ನೂ ಇಳಿಸ್ಕೊಂಡ್ಳು. ತುಂಬ ಜನ ಇಳಿಸ್ಕೊಂಡ್ರು, ಎಷ್ಟು ಅಂತ ನೋಡೋಷ್ಟರಲ್ಲಿ ಪುಟ ಹೋಯ್ತು.” ಅವನು ಈಗ ಮೊದಲ ಸಲ ತಲೆಯೆತ್ತಿದ. “ನಿನ್ನನ್ನ ಕೇಳದೆ ನಿನ್ನ ಬಗ್ಗೆ ಎಲ್ಲರಿಗೂ ಹೇಳಿಬಿಟ್ಟೆ ಅಕ್ಕಾ. ಬೇಜಾರಾಯ್ತಾ?”

ಅಕ್ಕ ಇಲ್ಲ ಎಂದು ತಲೆ ಅಲ್ಲಾಡಿಸಿದಳು. ಕಟ್ಟೆಯ ಆಚೆ ಜನ ಕಾಯುತ್ತಿದ್ದರು. ಅವಳು ಮುಂದಿನ ಅಂಗಿಯನ್ನು ಹರವಿಕೊಂಡಳು. ತಮ್ಮ ಅಲ್ಲಿಯೇ ನಿಂತು, ಅವಳು ಪೆಡಲ್ ಒತ್ತುವುದನ್ನು ಕಾಯುತ್ತಿದ್ದ.